ಮೇಣವಿಲ್ಲದ ಮೇಣದ ಬತ್ತಿ

ಐದನೆಯ ತರಗತಿಯಲ್ಲಿ ಒಮ್ಮೆ, "ಮೇಣದ ಬತ್ತಿ ಯಾವುದರಿಂದ ಆಗುತ್ತದೆ?" ಎಂದು ಕೇಳಿದೆ. ಅಂಕೋಲೆ ಕಡೆಯ ಹುಡುಗಿಯೊಬ್ಬಳು ಎದ್ದು ನಿಂತು, "ಹಲಸಿನಹಣ್ಣಿನ ಮೇಣದಿಂದ, ಅಕ್ಕೋರೆ" ಎಂದಳು. ಇಡೀ ತರಗತಿ ನಕ್ಕಿತು. ನಾನೂ ನಕ್ಕೆ. ಮನೆಗೆ ಬಂದ ಮೇಲೆ ನಾಚಿಕೆಯಾಯಿತು. ಆ ಮಗು ಕಂಡ ಮೇಣ ಅದೊಂದೇ, ಕೈಗೆ ಅಂಟಿದರೆ ಎಣ್ಣೆ ಸವರಿ ಬಿಡಿಸಿಕೊಳ್ಳುವ ಮೇಣ. ಜೇನಿನ ಮೇಣವನ್ನು ನಾನಾದರೂ ಎಷ್ಟು ಕಂಡಿದ್ದೆ?

ಅಂಗಡಿಯಿಂದ ನಾವು ತರುವ ಬಿಳಿ ಬತ್ತಿಯಲ್ಲಿ ಜೇನಿನದು ಏನೂ ಇಲ್ಲ. ಅದು ಪ್ಯಾರಾಫಿನ್, ಕಚ್ಚಾ ತೈಲದಿಂದ ಬರುವ ವಸ್ತು, ಸೀಮೆಎಣ್ಣೆಯ ದಾಯಾದಿ. ಇಗರ್ಜಿಗಳಲ್ಲಿ ಹಿಂದೆ ಜೇನುಮೇಣದ ಬತ್ತಿಯೇ ಆಗಬೇಕೆಂಬ ಕಟ್ಟುಪಾಡಿತ್ತು. 19ನೆಯ ಶತಮಾನದ ನಡುವಿನಿಂದ ಪ್ಯಾರಾಫಿನ್ ಅಗ್ಗವಾಗಿ ಸಿಗತೊಡಗಿದ ಮೇಲೆ ಮೇಣ ಹೋಯಿತು, ಹೆಸರು ಉಳಿಯಿತು.

ಮಳೆಗಾಲದಲ್ಲಿ ಕಂಬ ಉರುಳಿ ಕಾರವಾರ ಕತ್ತಲಾದಾಗ ಆ ಬಿಳಿ ಬತ್ತಿಯನ್ನು ಹಚ್ಚುವವರೊಡನೆ ನನಗೆ ಜಗಳವಿಲ್ಲ, ನಾನೂ ಹಚ್ಚುತ್ತೇನೆ. ನನ್ನ ಜಗಳ ಅದನ್ನು "ಗೃಹ ಕೈಗಾರಿಕೆ" ಎಂದು ನಮ್ಮ ಹೆಂಗಸರ ತಲೆಗೆ ಕಟ್ಟುವವರ ಮೇಲೆ. ಕೆಲವು ವರ್ಷಗಳ ಹಿಂದೆ ನಮ್ಮ ಬೀದಿಯಲ್ಲಿ ಮೂರು ದಿನದ ತರಬೇತಿ ನಡೆಯಿತು. ಹೊರಗಿನಿಂದ ಬಂದ ಪ್ಯಾರಾಫಿನ್ ಗಟ್ಟಿ, ಅಲ್ಯೂಮಿನಿಯಂ ಅಚ್ಚು, ಬಣ್ಣ, ಗುಲಾಬಿಯ ಸುಗಂಧ. ಅಂಟಿಸುವ ಚೀಟಿಯ ಮೇಲೆ "ನೈಸರ್ಗಿಕ" ಎಂಬ ಅಕ್ಷರ! ಹನ್ನೆರಡು ಮಂದಿ ಸಾಲ ತೆಗೆದೆವು. ದೀಪಾವಳಿಗೆ ಒಂದಿಷ್ಟು ಹೋಯಿತು. ಮಿಕ್ಕದ್ದು ನಮ್ಮ ಮನೆಯ ಅಟ್ಟ ಸೇರಿ, ಮೇ ತಿಂಗಳ ಸೆಕೆಗೆ ಸೊಂಟ ಬಗ್ಗಿಸಿ ಒಂದರ ಮೇಲೊಂದು ಮಲಗಿತು. ನನ್ನ ಪಾಲಿನ ಕಂತು ಸಂಬಳದಲ್ಲಿ ತೀರಿತು. ಮೀನು ಮಾರುವ ನಮ್ಮ ಸದಸ್ಯೆಯೊಬ್ಬಳು ಮೀನಿನ ಬುಟ್ಟಿಯಿಂದಲೇ ವರ್ಷವಿಡೀ ತೀರಿಸಿದಳು. ತರಬೇತಿ ಕೊಟ್ಟವರು ಮತ್ತೆ ಈ ಕಡೆ ಬರಲಿಲ್ಲ.

ಇನ್ನೊಂದು ಜಾತಿಯ ಮೋಸವೂ ಇದೆ. ದೊಡ್ಡ ಊರಿನಲ್ಲಿರುವ ಸಂಬಂಧಿಕರೊಬ್ಬರು ಅಪ್ಪಟ ಜೇನುಮೇಣದ್ದೆಂದು ದುಬಾರಿ ಬತ್ತಿ ಕಳಿಸಿದರು. ಇದನ್ನು ಉರಿಸಿದರೆ ಮನೆಯ ಗಾಳಿ ಶುದ್ಧವಾಗುತ್ತದೆ, ದಮ್ಮು ಕಡಿಮೆಯಾಗುತ್ತದೆ ಎಂದು ಜೊತೆಗಿದ್ದ ಕಾಗದ ಹೇಳುತ್ತಿತ್ತು. ಉರಿಯುವ ಬತ್ತಿ ಯಾವುದೇ ಇರಲಿ, ಒಂದಿಷ್ಟು ಮಸಿ ಬಿಟ್ಟೇ ಬಿಡುತ್ತದೆ. ದಮ್ಮಿನ ಮಗುವಿರುವ ಮನೆಯಲ್ಲಿ ದಯವಿಟ್ಟು ಬತ್ತಿ ಆರಿಸಿ, ಕಿಟಕಿ ತೆರೆಯಿರಿ.

ವೈಶಾಖದಲ್ಲಿ ನಮ್ಮ ಮನೆಗೆ ಜೇನು ತರುವ ಹಾಲಕ್ಕಿ ಗೌಡರೊಬ್ಬರಿದ್ದಾರೆ. ಬಾಟಲಿ ಎತ್ತಿ ಹಿಡಿದು, ಬೆಲ್ಲದ ಪಾಕವೇನೋ ಎಂದು ಸಂಶಯಪಟ್ಟು, ಹತ್ತು ರೂಪಾಯಿಗೆ ಚೌಕಾಸಿ ಮಾಡುವುದು ನಮ್ಮ ಪದ್ಧತಿ. ಒಂದು ವರ್ಷ ಕೇಳಿದೆ, "ಹಿಂಡಿದ ಎರಿ ಏನು ಮಾಡ್ತೀರಿ ಗೌಡ್ರೆ?" "ಅಲ್ಲೇ ಚೆಲ್ಲೂದು. ಎರಿ ಹೊತ್ತು ತಂದ್ರೆ ತಕೊಳ್ಳೋರು ಯಾರು ಅಕ್ಕೋರೆ? ಎಲ್ಲರಿಗೂ ಬಾಟ್ಲಿನೇ ಬೇಕು" ಎಂದರು. ಒಂದು ಕಿಲೋ ಮೇಣ ಸ್ರವಿಸಲು ಜೇನುಹುಳುಗಳು 6-8 ಕಿಲೋ ಜೇನು ತಿನ್ನಬೇಕೆನ್ನುತ್ತಾರೆ. ಅದನ್ನು ಚೆಲ್ಲಿ, ನಾವು ಸಾಲ ಮಾಡಿ ಪ್ಯಾರಾಫಿನ್ ತಂದಿದ್ದೆವು! 1930ರಲ್ಲಿ ಕಾನೂನು ಮುರಿದು ಉಪ್ಪು ಮಾಡಿದ ಅಂಕೋಲೆಯ ಪಕ್ಕದವರು ನಾವು.

ಅಂದಿನಿಂದ ಎರಿಸಮೇತ ಕೊಳ್ಳುತ್ತೇನೆ. ಜೇನಿನ ಬೆಲೆಯನ್ನೇ ಕೊಡುತ್ತೇನೆ, ಚೌಕಾಸಿಯಿಲ್ಲ. ಹಿಂಡಿದ ಎರಿಯನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಹಳೆಯ ಧೋತರದ ತುಂಡಿನಲ್ಲಿ ಗಂಟು ಕಟ್ಟಿ, ಮತ್ತೆ ಅಡಿಗೆಗೆ ಬಳಸದ ಪಾತ್ರೆಯಲ್ಲಿ ನೀರು ಹಾಕಿ ಬಿಸಿ ಮಾಡಬೇಕು. ಸುಮಾರು 63 ಡಿಗ್ರಿ ಸೆಲ್ಸಿಯಸ್‌ಗೆ ಮೇಣ ಕರಗಿ ಬಟ್ಟೆಯಿಂದ ಹೊರಗೆ ಬರುತ್ತದೆ. ಸೌಟಿನಿಂದ ಗಂಟನ್ನು ಒತ್ತಿ ತೆಗೆದು, ಪಾತ್ರೆಯನ್ನು ಹಾಗೇ ತಣಿಯಲು ಬಿಟ್ಟರೆ ಬೆಳಿಗ್ಗೆ ನೀರಿನ ಮೇಲೆ ಹಳದಿ ಬಿಲ್ಲೆ. ಅಡಿಗಂಟಿದ ಕೊಳೆಯನ್ನು ಚಾಕುವಿನಿಂದ ಹೆರೆದರಾಯಿತು. ಈ ಕೆಲಸ ಸಂಜೆಗೆ ಇಟ್ಟುಕೊಳ್ಳಿ. ಹಗಲಿನಲ್ಲಾದರೆ ವಾಸನೆ ಹಿಡಿದು ಹುಳುಗಳು ಅಡಿಗೆಮನೆಗೇ ಬರುತ್ತವೆ, ನನ್ನ ಯಜಮಾನರನ್ನು ಕೇಳಿ.

ಬತ್ತಿಯದೇ ದೊಡ್ಡ ಪಾಠ. ದೇವರ ದೀಪದ ಎಳೆಬತ್ತಿ ಇಟ್ಟೆ, ಗಟ್ಟಿ ಮೇಣದಲ್ಲಿ ಅದು ಮುಳುಗಿ ಆರಿತು. ಹೊಲಿಗೆಯ ನೈಲಾನ್ ದಾರ ಕರಗಿ ಮುದ್ದೆಯಾಯಿತು. ಕೊನೆಗೆ ದಪ್ಪ ಹತ್ತಿನೂಲಿನ ಮೂರು ಎಳೆಯನ್ನು ಜಡೆ ಹೆಣೆದು, ಮೇಣದಲ್ಲಿ ಅದ್ದಿ ನೆಟ್ಟಗೆ ಒಣಗಿಸಿ ಗೆರಟೆಯ ನಡುವೆ ನಿಲ್ಲಿಸಿದೆ. ನಿಂತು ಉರಿಯಿತು. ಮೇಣದ ಬಟ್ಟಲನ್ನು ಬಿಸಿನೀರಿನ ಪಾತ್ರೆಯೊಳಗಿಟ್ಟೇ ಕರಗಿಸಬೇಕು, ನೇರ ಉರಿಗೆ ಇಡಬಾರದು. ಹೊತ್ತಿಕೊಂಡರೆ ನೀರು ಸುರಿಯದೆ ಮುಚ್ಚಳ ಮುಚ್ಚಿ, ಉರಿ ನಂದಿಸಿ. ಗೆರಟೆಯ ಕೆಳಗೆ ತಟ್ಟೆ ಇರಲಿ. ಮೇಣ ತಳ ಕಾಣುವ ಮೊದಲೇ ಆರಿಸಿ, ಇಲ್ಲವಾದರೆ ಗೆರಟೆಯೇ ಹೊತ್ತಿಕೊಳ್ಳುತ್ತದೆ.

ಇದನ್ನು ಕೇಳಿದ ನನ್ನ ಸಹೋದ್ಯೋಗಿಯೊಬ್ಬರು, "ಟೀಚರ್, ದೊಡ್ಡದಾಗಿ ಮಾಡಿ ಮಾರೋಣ" ಎಂದರು. ಬೇಡ ಎಂದೆ. ಅವರಿಗೆ ಬೇಸರವಾಯಿತು. ಹೆಜ್ಜೇನಿನ ಎರಿಯಲ್ಲಿ ಜೇನಿರುವುದು ಮೇಲಿನ ಒಂದು ಭಾಗದಲ್ಲಿ, ಉಳಿದದ್ದೆಲ್ಲ ಮರಿಹುಳುಗಳ ತೊಟ್ಟಿಲು. ನಮ್ಮ ಗೌಡರು ಜೇನಿನ ಭಾಗವನ್ನಷ್ಟೇ ಕೊಯ್ಯುತ್ತಾರೆ. ಮೇಣಕ್ಕೇ ತೂಕದ ಬೆಲೆ ಬಂದ ದಿನ ಬೇರೆ ಯಾರೋ ಇಡೀ ಎರಿಯನ್ನು ಕೊಯ್ಯುತ್ತಾರೆ. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ನಮ್ಮ ತುಡುವೆ ಜೇನಿನ ಪೆಟ್ಟಿಗೆಗಳು ಬರಿದಾದದ್ದನ್ನು ಕಂಡವರು ಇನ್ನೂ ಇದ್ದಾರೆ. ಕಾಡಿನ ಹುಳುವಿಗೆ ನಾವೇ ರೋಗವಾಗುವುದು ಬೇಡ. ತಿಂದ ಜೇನಿನಿಂದ ಎಷ್ಟು ಮೇಣ ಬಂತೋ ಅಷ್ಟಕ್ಕೇ ಬತ್ತಿ.

ಕಳೆದ ಮಳೆಗಾಲಕ್ಕೆ ನನಗೆ ನಾಲ್ಕು ಗೆರಟೆ ದೀಪಗಳಾದವು. ಒಂದು ಮೀನು ಮಾರುವ ಗೆಳತಿಗೆ ಹೋಯಿತು, ಒಂದು ಶಾಲೆಗೆ. ಏಳನೆಯ ತರಗತಿಗೆ ಬಂದಿದ್ದ ಆ ಹುಡುಗಿ ಅದನ್ನು ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ನಿಂತಿದ್ದಳು. ಕೊನೆಗೆ, "ಇದನ್ನ ಉರಿಸ್ಬೇಡಿ ಅಕ್ಕೋರೆ" ಎಂದಳು.