ಕೆಂಪು ಪುಂಡಿಯ ಕಷಾಯ: ಚಳಿಗಾಲಕ್ಕೆ ಹೊಲದ ಬದುವಿನ ಪಾನೀಯ

ಮಾರ್ಗಶಿರ, ಪುಷ್ಯ ಮಾಸಗಳು ಬಂದೊಡನೆ ಬಯಲುಸೀಮೆಯಲ್ಲಿ ಚಳಿಯು ಬಲಿಯುವುದು. ಬೀದರ, ವಿಜಯಪುರ ಮೊದಲಾದ ಜಿಲ್ಲೆಗಳಲ್ಲಿ ಉಷ್ಣಮಾನವು 10 ಡಿಗ್ರಿ ಸೆಲ್ಸಿಯಸ್‌ಗಿಂತಲೂ ಕೆಳಗಿಳಿಯುವ ರಾತ್ರಿಗಳುಂಟು. ತೊಗರಿಯನ್ನು ಕೊಯ್ದು ಬಡಿಯುವುದೂ, ಹಿಂಗಾರಿ ಜೋಳದ ಹೊಲವನ್ನು ಕಾಯುವುದೂ ಈ ಕಾಲದ ಕೆಲಸಗಳೇ. ಬೆಳಗಿನ ಮಂಜಿನಲ್ಲಿ ದುಡಿಯುವ ಆಳಿಗೂ, ಮನೆಯಲ್ಲಿರುವ ವೃದ್ಧರಿಗೂ, ಮಕ್ಕಳಿಗೂ ಬಿಸಿಯಾದುದೊಂದು ಪಾನೀಯವು ಬೇಕೆನಿಸುವುದು ಸಹಜವಾಗಿದೆ. ಈ ಬೇಕನ್ನು ಈಗ ಬಹುಮಟ್ಟಿಗೆ ಚಹಾ ಒಂದೇ ಪೂರೈಸುತ್ತಿರುವುದು. ಬೆಳಿಗ್ಗೆ ಒಂದು ಬಾರಿ, ಹೊಲದಲ್ಲಿ ಒಂದೆರಡು ಬಾರಿ, ಹೊತ್ತು ಮುಳುಗಿದ ಮೇಲೆ ಮತ್ತೆ ಒಂದು ಬಾರಿ ಎಂದು ಅದರ ಲೆಕ್ಕವು ಬೆಳೆಯುತ್ತಲೇ ಇರುತ್ತದೆ.

ಚಹಾಪಾನವು ಗ್ರಾಮಗಳಿಗೆ ಅನಾದಿಯಿಂದ ಬಂದ ರೂಢಿಯೆಂದು ಭಾವಿಸುವವರುಂಟು. ವಸ್ತುಸ್ಥಿತಿಯು ಬೇರೆಯಾಗಿದೆ. 1903ರಲ್ಲಿ ರಫ್ತಾಗುವ ಚಹಾದ ಮೇಲೆ ಸುಂಕವನ್ನು ವಿಧಿಸುವ ಕಾಯಿದೆಯಾಗಿ, ಆ ಸುಂಕದ ಹಣವು ಚಹಾದ ಪ್ರಚಾರಕ್ಕೆ ವಿನಿಯೋಗವಾಯಿತು. 1930ರ ದಶಕದಲ್ಲಿ ಪ್ರಚಾರಕರು ಜಾತ್ರೆ, ಸಂತೆ, ಊರುಗಳಿಗೆ ಹೋಗಿ ಚಹಾವನ್ನು ಕಾಸಿ ತೋರಿಸಿ, ಬಿಟ್ಟಿಯಾಗಿ ಕುಡಿಸಿ ಅಭ್ಯಾಸ ಮಾಡಿಸಿದರು. ಅದಕ್ಕೆ ಮೊದಲು ಚಳಿಗೆ ಬೇಕಾದಾಗ ಜೀರಿಗೆ, ಕೊತ್ತಂಬರಿ, ಶುಂಠಿ, ಮೆಣಸುಗಳ ಕಷಾಯವು ಮನೆಮನೆಯಲ್ಲಿಯೂ ಕುದಿಯುತ್ತಿತ್ತು. ಒಂದು ಪಾನೀಯವು ಮಾದರಿಯಿಂದ ಹಬ್ಬಬಲ್ಲುದಾದರೆ ಇನ್ನೊಂದೂ ಹಾಗೆಯೇ ಹಬ್ಬಬಹುದು. ಆ ಮಾದರಿಯನ್ನು ತೋರಿಸುವ ಹೊಣೆಯು ಗ್ರಾಮದ ಯಜಮಾನರದೂ ಜಮೀನುದಾರರದೂ ಆಗಿರುತ್ತದೆ.

ಈ ಮಾತು ಚಹಾ, ಕಾಫಿಗಳ ಮೇಲಿನ ದ್ವೇಷದಿಂದ ಹುಟ್ಟಿದುದಲ್ಲ. ಬಾಬಾಬುಡನ್‌ಗಿರಿಯ ತಪ್ಪಲಿನಿಂದ ಕೊಡಗಿನವರೆಗೆ ಕಾಫಿಯನ್ನು ನಂಬಿ ಬಾಳುವ ರೈತರು ಅನೇಕರಿರುವರು. ಬೆಳಗಿನ ಒಂದು ಲೋಟವು ಯಾರನ್ನೂ ಕೆಡಿಸುವುದಿಲ್ಲ. ದೋಷವಿರುವುದು ಸಂಜೆಯ ಲೋಟದಲ್ಲಿ. ಇವೆರಡರಲ್ಲಿಯೂ ಇರುವ ಕೆಫೀನ್ ಎಂಬ ವಸ್ತುವು ನರಗಳನ್ನು ಎಚ್ಚರಿಸತಕ್ಕುದು. ಕುಡಿದ ಕೆಫೀನಿನಲ್ಲಿ ಅರ್ಧವು ದೇಹದಿಂದ ಹೋಗಲು ಸುಮಾರು ಐದು ಗಂಟೆಗಳು ಹಿಡಿಯುವುವು. ರಾತ್ರಿ ಎಂಟು ಗಂಟೆಗೆ ಚಹಾ ಕುಡಿದ ವೃದ್ಧನಿಗೆ ನಿದ್ದೆ ಬಾರದಿರುವುದಕ್ಕೆ ಬೇರೆ ಕಾರಣವನ್ನು ಹುಡುಕಬೇಕಾಗಿಲ್ಲ. ಚಿಕ್ಕ ಮಕ್ಕಳಿಗೆ ಅದೇ ಚಹಾವನ್ನು ಬಸಿಯಲ್ಲಿ ಹಾಕಿ ಕೊಡುವ ಪದ್ಧತಿಯಂತೂ ಯಾವ ವಿಧದಿಂದಲೂ ಒಪ್ಪತಕ್ಕುದಲ್ಲ. ಅದಲ್ಲದೆ, ದಿನಕ್ಕೆ ನಾಲ್ಕು ಬಾರಿ ಚಹಾ ಕಾಸುವ ಮನೆಯಲ್ಲಿ ಮಕ್ಕಳ ಪಾಲಿನ ಹಾಲು ಚಹಾದ ಪಾತ್ರೆಗೆ ಹೋಗುತ್ತದೆ. ಹಾಲಿಲ್ಲದ, ಕೆಫೀನ್ ಇಲ್ಲದ, ಹಣ್ಣಿನ ರುಚಿಯುಳ್ಳ ಪಾನೀಯವೊಂದು ಹೊಲದ ಬದುವಿನಲ್ಲಿಯೇ ಬೆಳೆಯುವುದಾದರೆ ಅದನ್ನು ಕಡೆಗಣಿಸುವುದು ವಿವೇಕವೆನಿಸದು.

ಅಂತಹ ಬೆಳೆಯೇ ಕೆಂಪು ಪುಂಡಿ. ಪುಂಡಿಯು ಉತ್ತರ ಕರ್ನಾಟಕದ ರೈತರಿಗೆ ಹೊಸದಲ್ಲ. ಅದರ ಎಲೆಯ ಪಲ್ಯವಿಲ್ಲದೆ ಜೋಳದ ರೊಟ್ಟಿಯ ಊಟವು ಪೂರ್ಣವಾಗದು. ಅದರ ನಾರಿನಿಂದ ಹಗ್ಗ, ಮಿಣಿ, ಕಣ್ಣಿಗಳನ್ನು ಹೊಸೆಯುವುದೂ ಬಲ್ಲ ಸಂಗತಿಯೇ. ಎಲೆಯನ್ನೂ ನಾರನ್ನೂ ಬಳಸಿದ ಕೈಗಳು ಮೂರನೆಯದಾದ ಒಂದು ಫಲವನ್ನು ಮಾತ್ರ ಗಿಡದಲ್ಲಿಯೇ ಒಣಗಲು ಬಿಟ್ಟಿವೆ. ಹೂವು ಉದುರಿದ ಮೇಲೆ ಕಾಯನ್ನು ಸುತ್ತುವರಿದು ನಿಲ್ಲುವ ದಪ್ಪನಾದ, ಹುಳಿಯಾದ ಕೆಂಪು ಕವಚವೇ ಆ ಫಲ. ಆಫ್ರಿಕಾ ಖಂಡವು ಈ ಗಿಡದ ಮೂಲಸ್ಥಾನ. ಸೂಡಾನ್, ಈಜಿಪ್ಟ್ ದೇಶಗಳ ಜನರು ಈ ಕವಚವನ್ನು ಒಣಗಿಸಿ ‘ಕರ್ಕದೆ’ ಎಂಬ ಪಾನೀಯವನ್ನು ಮಾಡಿ, ಚಳಿಯಲ್ಲಿ ಬಿಸಿಯಾಗಿಯೂ ಬೇಸಗೆಯಲ್ಲಿ ತಣ್ಣಗೂ ಕುಡಿಯುತ್ತಾರೆ. ಯೂರೋಪಿನ ಅಂಗಡಿಗಳಲ್ಲಿ ‘ಹಣ್ಣಿನ ಚಹಾ’ ಎಂದು ಮಾರುವ ಪೊಟ್ಟಣಗಳ ಕೆಂಪು ಬಣ್ಣವೂ ಹುಳಿಯೂ ಬಹುತೇಕ ಇದರಿಂದಲೇ ಬರುವುವು. ದೂರದೇಶದವರು ಬೆಲೆಕೊಟ್ಟು ಕೊಳ್ಳುವ ವಸ್ತುವು ಇಲ್ಲಿ ದನದ ಕಾಲಿಗೆ ಬೀಳುತ್ತಿರುವುದು ಶೋಚನೀಯವಾಗಿದೆ.

ಬೀಜವನ್ನು ಆರಿಸುವಲ್ಲಿ ಎಚ್ಚರವಿರಬೇಕು. ನಾರಿಗಾಗಿ ಬೆಳೆಯುವ, ಕೊಂಬೆಯಿಲ್ಲದೆ ನೀಳವಾಗಿ ಏರುವ ಪುಂಡಿಯಲ್ಲಿ ಕವಚವು ತೆಳುವಾಗಿದ್ದು ಪಾನೀಯಕ್ಕೆ ಉಪಯೋಗವಿಲ್ಲ. ಗಿಡ್ಡನಾಗಿ ಪೊದೆಯಂತೆ ಕೊಂಬೆಯೊಡೆಯುವ, ಕವಚವು ರಸವತ್ತಾಗಿ ಉಬ್ಬುವ ಜಾತಿಯನ್ನೇ ಬಿತ್ತತಕ್ಕದ್ದು. ಮುಂಗಾರಿನೊಡನೆ ಜೂನ್, ಜುಲೈ ತಿಂಗಳುಗಳಲ್ಲಿ ಬದುವಿನುದ್ದಕ್ಕೂ ಗಿಡಕ್ಕೆ ಗಿಡಕ್ಕೆ ಮೂರು ಅಡಿಯ ಅಂತರವನ್ನಿಟ್ಟು ಬೀಜವನ್ನೂರಬೇಕು. ಹಗಲು ಕಿರಿದಾದಾಗ ಹೂಬಿಡುವುದು ಈ ಗಿಡದ ಸ್ವಭಾವ. ಆದುದರಿಂದ ತಡವಾಗಿ ಬಿತ್ತಿದರೆ ಗಿಡವು ಬೆಳೆಯುವ ಮೊದಲೇ ಹೂವಿಗೆ ಬಂದು ಇಳುವರಿಯು ಕುಂದುವುದು. ನೀರು ನಿಲ್ಲುವ ತಗ್ಗಿನಲ್ಲಿ ಬೇರು ಕೊಳೆಯುವುದು. ಇದು ಹತ್ತಿ, ಬೆಂಡೆಗಳ ಕುಟುಂಬಕ್ಕೆ ಸೇರಿದುದರಿಂದ ಅವುಗಳ ಕೆಲವು ಕೀಟಗಳು ಇದಕ್ಕೂ ತಗಲುವುವು. ಹತ್ತಿಯ ಹೊಲದ ಬದುವು ಇದಕ್ಕೆ ತಕ್ಕ ಸ್ಥಳವಲ್ಲ. ಅಲ್ಲಿ ಸಿಂಪಡಿಸಿದ ಕೀಟನಾಶಕವು ಕುಡಿಯುವ ವಸ್ತುವಿನ ಮೇಲೆಯೇ ಬಂದು ಕೂರುವುದು.

ಹೂವರಳಿದ ಹದಿನೈದು ಇಪ್ಪತ್ತು ದಿನಗಳಲ್ಲಿ ಕವಚವು ಕೊಯ್ಲಿಗೆ ಬರುವುದು. ಒಳಗಿನ ಕಾಯಿ ಬಲಿತು ಒಣಗುವ ಮೊದಲೇ, ಬೆಳಗಿನ ಹೊತ್ತಿನಲ್ಲಿ ಕೊಯ್ದರೆ ತೊಟ್ಟು ಸುಲಭವಾಗಿ ಮುರಿಯುವುದು. ಕಾಯನ್ನು ಬೇರ್ಪಡಿಸಿ, ಕವಚಗಳನ್ನು ಶುದ್ಧವಾದ ನೀರಿನಲ್ಲಿ ತೊಳೆದು, ಬಟ್ಟೆಯ ಮೇಲಾಗಲಿ ಬಿದಿರಿನ ಮೊರದಲ್ಲಾಗಲಿ ತೆಳುವಾಗಿ ಹರಡಿ, ಗಾಳಿಯಾಡುವ ನೆರಳಿನಲ್ಲಿ ಒಣಗಿಸಬೇಕು. ಉರಿಬಿಸಿಲಿಗೆ ಬಣ್ಣವು ಮಾಸುವುದು. ರಸ್ತೆಯ ಅಂಚಿನಲ್ಲಿ ಒಣಹಾಕಿದರೆ ಧೂಳೂ ಹೊಗೆಯೂ ಸೇರುವುವು. ಮುರಿದರೆ ಚಟ್ಟೆಂದು ಒಡೆಯುವಷ್ಟು ಒಣಗಿದ ಮೇಲೆ ಗಾಳಿ ಹೋಗದ ಡಬ್ಬಿಯಲ್ಲಿ ತುಂಬಿಡತಕ್ಕದ್ದು. ತೇವವನ್ನು ಹೀರಿದರೆ ಬೂಷ್ಟು ಹಿಡಿಯುವುದು. ಹತ್ತು ಕಿಲೋಗ್ರಾಂ ಹಸಿಯ ಕವಚವು ಒಣಗಿ ಸುಮಾರು ಒಂದು ಕಿಲೋಗ್ರಾಂ ಆಗುವುದೆಂಬುದನ್ನು ಮೊದಲೇ ತಿಳಿದಿದ್ದರೆ ನಿರಾಶೆಯಿರದು.

ಕಷಾಯವನ್ನು ಮಾಡುವ ಕ್ರಮವು ಸುಲಭವಾಗಿದೆ. ಒಬ್ಬರಿಗೆ ಒಂದು ಲೋಟ ನೀರಿನಂತೆ ಕುದಿಸಿ ಒಲೆಯಿಂದಿಳಿಸಿ, ತಲೆಗೆ ಸುಮಾರು ಎರಡು ಗ್ರಾಂ, ಅಂದರೆ ನಾಲ್ಕೈದು ಒಣಕವಚಗಳನ್ನು ಹಾಕಿ, ಜಜ್ಜಿದ ಶುಂಠಿಯ ಚೂರೊಂದನ್ನೂ ಬೇಕಾದರೆ ದಾಲ್ಚಿನ್ನಿ, ಲವಂಗಗಳನ್ನೂ ಸೇರಿಸಿ, ಮುಚ್ಚಳ ಮುಚ್ಚಿ ಐದರಿಂದ ಹತ್ತು ನಿಮಿಷ ಬಿಡಬೇಕು. ಬಳಿಕ ಸೋಸಿ ಮಿತವಾಗಿ ಬೆಲ್ಲವನ್ನು ಬೆರಸಿ ಕುಡಿಯಬಹುದು. ಕಡುಕೆಂಪು ಬಣ್ಣವೂ ಹಣ್ಣಿನಂತಹ ಹುಳಿಯೂ ಇದರ ಲಕ್ಷಣ. ಕರಾವಳಿ, ಮಲೆನಾಡುಗಳ ಮನೆಗಳಲ್ಲಿ ಒಣಗಿದ ಮುರುಗಲು ಸಿಪ್ಪೆಯಿಂದಲೂ ಇದೇ ರೀತಿಯ ಪಾನೀಯವನ್ನು ಮಾಡಬಹುದು. ಹಾಲನ್ನು ಮಾತ್ರ ಬೆರಸಕೂಡದು. ಹುಳಿಗೆ ಅದು ಒಡೆಯುವುದು. ಅಲ್ಯೂಮಿನಿಯಂ ಪಾತ್ರೆಯನ್ನೂ, ಕಲಾಯಿಯಿಲ್ಲದ ತಾಮ್ರ, ಹಿತ್ತಾಳೆಗಳ ಪಾತ್ರೆಗಳನ್ನೂ ಇದಕ್ಕೆ ಬಳಸಲಾಗದು; ಸ್ಟೀಲು ಅಥವಾ ಮಣ್ಣಿನ ಪಾತ್ರೆಯೇ ಯೋಗ್ಯವಾದುದು.

ಇದರ ಗುಣವನ್ನು ಹೇಳುವಲ್ಲಿ ಅತಿಶಯೋಕ್ತಿಯು ಸಲ್ಲದು. ಇದು ನೆಗಡಿಯನ್ನಾಗಲಿ ಜ್ವರವನ್ನಾಗಲಿ ವಾಸಿಮಾಡುವುದೆಂದು ಯಾರೂ ಹೇಳಕೂಡದು. ಬಿಸಿಯಾದ ಪಾನೀಯವು ಗಂಟಲಿಗೆ ಹಿತವಾಗುವುದು, ಅಷ್ಟೇ. ಅಮೆರಿಕದಲ್ಲಿ ನಡೆದು 2010ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ರಕ್ತದ ಒತ್ತಡವು ಸ್ವಲ್ಪ ಹೆಚ್ಚಿದ್ದ 65 ಮಂದಿಯ ಪೈಕಿ ದಿನಕ್ಕೆ ಮೂರು ಬಾರಿಯಂತೆ ಆರು ವಾರ ಇದನ್ನು ಕುಡಿದವರಲ್ಲಿ ಒತ್ತಡವು ಕೊಂಚ ಇಳಿದುದು ಕಂಡುಬಂದಿತು. ಈ ಗುಣವೇ ಎಚ್ಚರಿಕೆಗೂ ಕಾರಣವಾಗಿದೆ. ರಕ್ತದ ಒತ್ತಡಕ್ಕೆ ಔಷಧವನ್ನು ಸೇವಿಸುತ್ತಿರುವವರು ವೈದ್ಯರನ್ನು ಕೇಳಿಯೇ ಕುಡಿಯಬೇಕು. ಗರ್ಭಿಣಿಯರಿಗೆ ಇದನ್ನು ಕೊಡದಿರುವುದೇ ಕ್ಷೇಮ. ಅವರಿಗೆ ಜೀರಿಗೆಯ ನೀರು ಇದ್ದೇ ಇದೆ.

ಇದರಿಂದ ಹಣವು ಬರುವುದೇ ಎಂಬುದು ಜಮೀನುದಾರರ ಮೊದಲ ಪ್ರಶ್ನೆಯಾಗಿರುವುದು. ಬರಬಹುದು, ಆದರೆ ಕೊಳ್ಳುವವನು ಯಾರೆಂಬುದು ನಿಶ್ಚಯವಾಗುವ ಮೊದಲು ಎಕರೆಗಟ್ಟಲೆ ಬಿತ್ತಿದವನು ಮೋಸಹೋಗುವನು. ಕೊಯ್ಲೂ, ಕಾಯಿ ಬಿಡಿಸುವುದೂ ಕೈಕೆಲಸವೇ ಆಗಿದ್ದು, ಆ ಕೆಲಸವು ಹೆಚ್ಚಾಗಿ ಹೆಂಗಸರ ಪಾಲಿಗೆ ಬೀಳುವುದು. ಅವರ ಕೂಲಿಯನ್ನು ಲೆಕ್ಕಕ್ಕೆ ಹಿಡಿಯದೆ ತೋರಿಸುವ ಲಾಭವು ಲಾಭವೇ ಅಲ್ಲ. ಆದುದರಿಂದ ಮೊದಲನೆಯ ವರ್ಷ ಬದುವಿನಲ್ಲಿ ಹತ್ತಿಪ್ಪತ್ತು ಗಿಡಗಳು ಸಾಕು. ಅವುಗಳ ಕವಚವು ಮನೆಯ ಖರ್ಚಿಗೂ ಆಳುಗಳ ಸಂಜೆಯ ಲೋಟಕ್ಕೂ ಒದಗಲಿ. ಊರವರ ನಾಲಿಗೆಗೆ ರುಚಿಯು ಹತ್ತಿ, ಒಣಗಿಸುವ ಕೈ ಪಳಗಿದ ಮೇಲೆ, ನಾಲ್ಕಾರು ಮನೆಯವರು ಅಥವಾ ಸ್ತ್ರೀಶಕ್ತಿ ಸಂಘದವರು ಕೂಡಿ ಹತ್ತಿರದ ಪೇಟೆಯಲ್ಲಿ ಮಾರಲು ಯತ್ನಿಸಬಹುದು.

ಗ್ರಾಮದಲ್ಲಿ ದೊಡ್ಡ ಮನೆಯವರು ಏನನ್ನು ಕುಡಿಯುವರೋ ಅದನ್ನೇ ಉಳಿದವರು ಗೌರವದ ಪಾನೀಯವೆಂದು ತಿಳಿಯುವರು. ಪಂಚಾಯಿತಿಯ ಸಭೆಗೆ ಬಂದವರಿಗೆ, ರಾಶಿಯ ಕಣದಲ್ಲಿ ನಿಂತವರಿಗೆ, ಸಂಜೆ ಜಗಲಿಗೆ ಬಂದ ನೆಂಟರಿಗೆ ಯಜಮಾನರು ಈ ಕೆಂಪು ಕಷಾಯದ ಲೋಟವನ್ನು ಸಂಕೋಚವಿಲ್ಲದೆ ನೀಡಲಾರಂಭಿಸಿದರೆ, ಮಕ್ಕಳ ಹಾಲು ಮಕ್ಕಳಿಗೆ ಉಳಿಯುವುದು, ವೃದ್ಧರಿಗೆ ನಿದ್ದೆಯು ದೊರೆಯುವುದು, ಚಹಾಪುಡಿಗೆ ಹೋಗುವ ಹಣದಲ್ಲಿ ಒಂದು ಪಾಲು ಮನೆಯಲ್ಲಿಯೇ ನಿಲ್ಲುವುದು. ಬರುವ ಮುಂಗಾರಿಗೆ ಬೇಕಾದ ಬೀಜವನ್ನು ಈ ಚಳಿಗಾಲದಲ್ಲಿಯೇ, ಕವಚವು ದಪ್ಪವಾಗಿರುವ ಒಳ್ಳೆಯ ಗಿಡಗಳಲ್ಲಿ ಕೆಲವನ್ನು ಕೊಯ್ಯದೆ ಬಲಿಯಬಿಟ್ಟು, ಕೂಡಿಟ್ಟುಕೊಳ್ಳತಕ್ಕದ್ದು.