ಕೆಂಪು ಗೆರೆಯೇ ಕೊನೆಯ ತೀರ್ಪಲ್ಲ

ಪ್ರಾಜೆಕ್ಟ್ ವರದಿ ಒಪ್ಪಿಸುವ ದಿನ ಹತ್ತಿರವಾದಂತೆ ತರಗತಿಯಲ್ಲಿ ಒಂದೇ ಪ್ರಶ್ನೆ: ತಪ್ಪು ತಿದ್ದಿಕೊಡುವ ಸಾಫ್ಟ್‌ವೇರ್ ಯಾವುದು? ಇದಕ್ಕಾಗಿ ದುಡ್ಡು ಕೊಡಬೇಕಿಲ್ಲ, ಕದ್ದ ಪ್ರತಿಯೂ ಬೇಕಿಲ್ಲ. ಉಚಿತವಾಗಿ ಸಿಗುವ, ಯಾರು ಬೇಕಾದರೂ ತೆರೆದು ಸುಧಾರಿಸಬಹುದಾದ ಮುಕ್ತ ತಂತ್ರಾಂಶಗಳಿವೆ. ಆದರೆ ಅವುಗಳ ಮಿತಿ ತಿಳಿದು ಬಳಸಬೇಕು ಎಂಬುದು ನನ್ನ ಅಭಿಪ್ರಾಯ.

ಮೊದಲು ಕಾಗುಣಿತ. ಲಿಬ್ರೆಆಫೀಸ್ ರೈಟರ್‌ನಲ್ಲಿ ಈ ಕೆಲಸ ಮಾಡುವುದು ಹನ್‌ಸ್ಪೆಲ್. ಇದು ಹುಟ್ಟಿದ್ದು ಹಂಗೇರಿಯನ್ ಭಾಷೆಗಾಗಿ. ಕನ್ನಡದಂತೆ ಅಲ್ಲಿಯೂ ಒಂದೇ ಪದಕ್ಕೆ ಹಲವು ಪ್ರತ್ಯಯಗಳು ಸೇರುತ್ತವೆ. ಹನ್‌ಸ್ಪೆಲ್‌ಗೆ ಕನ್ನಡ ಪದಪಟ್ಟಿಯೂ ಇದೆ. ‘ವಿಧ್ಯಾರ್ಥಿ’ಯಂಥ ತಪ್ಪುಗಳನ್ನು ಹಿಡಿಯಲು ಇಂಥ ಉಪಕರಣ ಬೇಕು. ಮನೆಯಲ್ಲಿ ಉರ್ದು ಮಾತಾಡುವ ನನ್ನಂಥವರಿಗೆ ಇದು ದೊಡ್ಡ ಆಸರೆ. ತಪ್ಪು ಬರೆದರೆ ಯಂತ್ರ ನಗುವುದಿಲ್ಲ.

ಆದರೆ ‘ಈರುಳ್ಳಿ ಬೆಲೆ ಏರಿತು’ ಎನ್ನಬೇಕಾದಲ್ಲಿ ‘ಬೆಳೆ ಏರಿತು’ ಎಂದರೆ ಅದು ಸುಮ್ಮನಿರುತ್ತದೆ. ಎರಡೂ ಕನ್ನಡದ ಪದಗಳೇ ತಾನೆ? ಇತ್ತ ‘ಅಂಗಡಿಯವರಿಂದಲೇ’ ಎಂಬ ರೂಪ ಪಟ್ಟಿಗೆ ಗೊತ್ತಿಲ್ಲದಿದ್ದರೆ ಸರಿಯಾದ ಪದಕ್ಕೂ ಕೆಂಪು ಗೆರೆ ಬೀಳುತ್ತದೆ. ನಮ್ಮ ಹೆಸರುಗಳ ಕಥೆಯೂ ಇದೇ. ಹೆಸರು ತಪ್ಪಲ್ಲ, ಪಟ್ಟಿ ಚಿಕ್ಕದು. ಅದನ್ನು ಪದಕೋಶಕ್ಕೆ ಸೇರಿಸಿದರೆ ಮುಗಿಯಿತು.

ಕಾಮರ್ಸ್‌ನವರಿಗೆ ಇದು ಹೊಸದಲ್ಲ. ಟ್ರಯಲ್ ಬ್ಯಾಲೆನ್ಸ್‌ನ ಎರಡೂ ಬದಿ ತಾಳೆಯಾದ ಮಾತ್ರಕ್ಕೆ ಲೆಕ್ಕ ಸರಿ ಎನ್ನಲಾಗದು. ಬರೆಯದೇ ಬಿಟ್ಟ ವ್ಯವಹಾರ ಅದರಲ್ಲಿ ಕಾಣುವುದಿಲ್ಲ.

ವ್ಯಾಕರಣಕ್ಕೆ ಲ್ಯಾಂಗ್ವೇಜ್‌ಟೂಲ್ ಇದೆ. 2003ರಲ್ಲಿ ಶುರುವಾದ ಇದು ಇಂಗ್ಲಿಷ್ ವರದಿಗೆ ಒಳ್ಳೆಯದು. ಇಪ್ಪತ್ತಕ್ಕೂ ಹೆಚ್ಚು ಭಾಷೆಗಳ ಆ ಪಟ್ಟಿಯಲ್ಲಿ ತಮಿಳಿದೆ, ಕನ್ನಡವಿಲ್ಲ, ಉರ್ದುವೂ ಇಲ್ಲ. ಅದರ ನಿಯಮಗಳನ್ನು ಯಾರು ಬೇಕಾದರೂ ಬರೆದು ಕಳಿಸಬಹುದು. ನಮ್ಮ ಸಿಇಬಿಎ ಗೆಳೆಯರು ಇದನ್ನೇಕೆ ಪ್ರಯತ್ನಿಸಬಾರದು?

ಇನ್ನು ಪುಟದ ಅಂದ. ಲೇಟೆಕ್ ಗಣಿತದ ಸೂತ್ರಗಳಿಗೆ ಚೆನ್ನ, ಆದರೆ ಅದರ ಆದೇಶಗಳನ್ನು ಕಲಿಯಲು ಸಮಯ ಬೇಕು. ನಮಗೆ ರೈಟರ್ ಸಾಕು. ಸ್ಪೇಸ್ ಒತ್ತಿ ಒತ್ತಿ ಶೀರ್ಷಿಕೆಯನ್ನು ನಡುವಿಗೆ ತರುವ ಬದಲು ‘ಹೆಡಿಂಗ್’ ಸ್ಟೈಲ್ ಬಳಸಿದರೆ, ಪರಿವಿಡಿಯನ್ನು ಅದೇ ತಯಾರಿಸುತ್ತದೆ. ಎಡದಿಂದ ಬರೆಯುವ ಕನ್ನಡ, ಬಲದಿಂದ ಬರೆಯುವ ಉರ್ದು ಎರಡೂ ಒಂದೇ ಕಡತದಲ್ಲಿ ಕೂರುತ್ತವೆ.

ಇವೆಲ್ಲ ಕೆಲಸ ಮಾಡಬೇಕಾದರೆ ಟೈಪಿಂಗ್ ಯೂನಿಕೋಡ್‌ನಲ್ಲಿರಬೇಕು. ಹಳೆಯ ನುಡಿ ಫಾಂಟಿನ ಬರಹ ನಮ್ಮ ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಮಾತ್ರ ಇಂಗ್ಲಿಷ್ ಅಕ್ಷರಗಳ ರಾಶಿ. ಅದರಲ್ಲಿ ತಪ್ಪು ಹುಡುಕುವುದಾದರೂ ಹೇಗೆ?

ಆದ್ದರಿಂದ ಉಪನ್ಯಾಸಕರಲ್ಲಿ ನನ್ನದು ಮೂರು ವಿನಂತಿ. ವರದಿಗಳನ್ನು ಯೂನಿಕೋಡ್‌ನಲ್ಲಿಯೇ ಕೇಳಿ, ಲ್ಯಾಬಿನಲ್ಲಿ ಲಿಬ್ರೆಆಫೀಸ್ ಹಾಕಿಸಿ. ಒಪ್ಪಿಸುವ ಮೊದಲು ಕನ್ನಡ ಮನೆಮಾತಿನ ಒಬ್ಬರು, ಉರ್ದು ಮನೆಮಾತಿನ ಒಬ್ಬರು ಜೋಡಿಯಾಗಿ ಪರಸ್ಪರರ ವರದಿ ಓದುವ ಒಂದು ಪಿರಿಯಡ್ ಕೊಡಿ. ಬೆಲೆ ಯಾವುದು, ಬೆಳೆ ಯಾವುದು ಎಂದು ಹೇಳಲು ಪಕ್ಕದ ಬೆಂಚಿನ ಗೆಳೆಯನೇ ಬೇಕು.