ಪ್ರವಾದನೆ ನಿಂತುಹೋಯಿತೇ?

ಮಾಕಳಿದುರ್ಗದ ಸೀಮೆಯವರಿಗೆ ‘ಕಾಲಜ್ಞಾನ’ ಹೊಸ ಮಾತಲ್ಲ. ಕೈವಾರ ತಾತಯ್ಯನವರದು ಮನೆಮಾತು. ಕ್ರೈಸ್ತರ ‘ಪ್ರವಾದನೆ’ಯೂ ಅಂಥದ್ದೇ ಎಂದು ಬಗೆಯುವವರುಂಟು. ಆದರೆ ಬೈಬಲ್ಲಿನ ಪ್ರವಾದಿ ಬರೀ ಭವಿಷ್ಯ ನುಡಿದವನಲ್ಲ. ಬಡವರನ್ನು ಹಿಂಡಿದ ಧನಿಕರನ್ನು ಆಮೋಸ ಬೈದ. ತಪ್ಪಿ ನಡೆದ ದಾವೀದ ದೊರೆಯನ್ನು ನಾತಾನ ಮುಖಕ್ಕೆ ಮುಖ ಕೊಟ್ಟು ಕೇಳಿದ.

ಆ ವರ ಇಂದಿಗೂ ಇದೆಯೇ? ಕ್ರೈಸ್ತರಲ್ಲೇ ಒಮ್ಮತವಿಲ್ಲ. ಅಪೊಸ್ತಲರ ಕಾಲಕ್ಕೇ ಅದು ಮುಗಿಯಿತು, ಇನ್ನು ಬೈಬಲ್ಲೇ ಸಾಕು ಎನ್ನುವವರು ಒಂದು ಕಡೆ. ಈಗಲೂ ಇದೆ ಎನ್ನುವ ಪೆಂತೆಕೋಸ್ತ್ ಸಭೆಗಳವರು ಇನ್ನೊಂದು ಕಡೆ. ಕಥೋಲಿಕರದು ನಡುದಾರಿ: ವರಗಳು ಇರಬಹುದು, ಆದರೆ ಯಾರ ಖಾಸಗಿ ದರ್ಶನವೂ ಧರ್ಮಗ್ರಂಥಕ್ಕೆ ಸಮವಲ್ಲ.

ಕನ್ನಡ ನೆಲದ ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿದವರು ಪಂಡಿತಾ ರಮಾಬಾಯಿ. ಪುಣೆ ಬಳಿಯ ಕೇಡಗಾಂವದಲ್ಲಿ ಅವರು ನಡೆಸುತ್ತಿದ್ದ ಮುಕ್ತಿ ಸಂಸ್ಥೆಯಲ್ಲಿ 1905ರಲ್ಲಿ ಉಜ್ಜೀವನ ಆರಂಭವಾಯಿತು. ಹೆಣ್ಣುಮಕ್ಕಳು ಅತ್ತು ಪ್ರಾರ್ಥಿಸಿದರು. ಕೆಲವರು ಅರಿಯದ ಭಾಷೆಯಲ್ಲಿ ನುಡಿದರು. ರಮಾಬಾಯಿ ಅದನ್ನು ತಡೆಯಲಿಲ್ಲ. ಅನಾಥರಿಗೆ ಅನ್ನ, ವಿದ್ಯೆ ನೀಡುವ ಕೆಲಸವನ್ನೂ ಬಿಡಲಿಲ್ಲ.

ಇನ್ನೊಂದು ಬಗೆಯೂ ಉಂಟು. ಅಮೆರಿಕದ ಹೆರಾಲ್ಡ್ ಕ್ಯಾಂಪಿಂಗ್ ಬೈಬಲ್ಲಿನಿಂದ ಲೆಕ್ಕ ಹಾಕಿ, 2011ರ ಮೇ 21 ತೀರ್ಪಿನ ದಿನ ಎಂದು ಸಾರಿದರು. ದಿನ ಬಂತು, ಹೋಯಿತು. ನಂಬಿದ ಕೆಲವರ ಉಳಿತಾಯದ ಹಣವೂ ಹೋಯಿತು. ಮರುವರ್ಷ ಅವರು ತಪ್ಪೊಪ್ಪಿಕೊಂಡರು.

ಪ್ರವಾದನೆಯನ್ನು ತಳ್ಳಿಹಾಕಲೂ ಬಾರದು, ಒರೆಗೆ ಹಚ್ಚದೆ ಒಪ್ಪಲೂ ಬಾರದು ಎಂಬುದು ಪೌಲನ ಬುದ್ಧಿವಾದ. ‘ಮಾತ್ರೆ ಬಿಡು, ಹೊಲ ಮಾರು’ ಎಂಬ ‘ದೇವರ ಮಾತು’ ಕಿವಿಗೆ ಬಿದ್ದಾಗ ಕೇಳಬೇಕಾದ್ದು ಒಂದೇ: ಇದರಿಂದ ಒಳಿತು ಯಾರಿಗೆ? ಕೇಳಿದವರಿಗೋ, ಹೇಳಿದವರಿಗೋ?